ದುಡ್ಡು ಕೊಟ್ಟು ಬರೆಯಿಸಿದ ವರ್ತಮಾನ

ಮಾಟುಂಗದ ಹೋಟೆಲಿನ ಗಲ್ಲಾದಲ್ಲಿ ಬಹುಕಾಲ ಕುಳಿತು ಆಮೇಲೆ ಸಂಪಾದಕರ ಕುರ್ಚಿಗೆ ಬಂದವರು ನಾವು. ನಿನ್ನೆಯ ಹುಳಿಯನ್ನು ಇಂದು ಕಾಯಿಸಿ ಬಡಿಸಿದರೆ ಗಿರಾಕಿಯು ಜಗಳವಾಡುವುದಿಲ್ಲ. ಸುಮ್ಮನೆ ಎದುರಿನ ಹೋಟೆಲಿಗೆ ನಡೆಯುತ್ತಾನೆ. ವರ್ತಮಾನಪತ್ರಗಳ ವಾಚಕರೂ ಇತ್ತೀಚೆಗೆ ಹೀಗೆಯೇ ಎದ್ದು ಹೋಗುತ್ತಿರುವರೆಂಬುದು ನಮ್ಮ ಅನುಮಾನ.

2009ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ವಿಧಾನಸಭೆಗೆ ಚುನಾವಣೆ ನಡೆಯಿತು. ಆ ದಿನಗಳಲ್ಲಿ ಒಂದಕ್ಕೊಂದು ಸ್ಪರ್ಧಿಗಳಾದ ಮರಾಠಿ ಪತ್ರಿಕೆಗಳಲ್ಲಿ ಒಬ್ಬನೇ ನಾಯಕರ ಸ್ತುತಿಯು ಅಕ್ಷರವೂ ವ್ಯತ್ಯಾಸವಾಗದಂತೆ ಪ್ರಕಟವಾಯಿತು. ಜಾಹೀರಾತೆಂಬ ಗುರುತು ಇರಲಿಲ್ಲ. ಇದನ್ನು ಬಯಲಿಗೆಳೆದವರು ‘ದಿ ಹಿಂದು’ ಪತ್ರಿಕೆಯ ಪಿ. ಸಾಯಿನಾಥರು. ಮೂರು ಹೋಟೆಲುಗಳ ಸಾರಿನಲ್ಲಿ ಉಪ್ಪು, ಹುಳಿ, ಖಾರ ಎಲ್ಲವೂ ಒಂದೇ ಸಮನಿದ್ದರೆ ಅಡಿಗೆಮನೆಯೂ ಒಂದೇ ಎಂದು ತಿಳಿಯಲು ದೊಡ್ಡ ವಿದ್ಯೆ ಬೇಕಾಗದು!

ಈ ಪಿಡುಗಿನ ವಿಚಾರಣೆಗಾಗಿ ಪ್ರೆಸ್ ಕೌನ್ಸಿಲ್ ಅದೇ ವರ್ಷ ಪರಂಜಯ್ ಗುಹಾ ಠಾಕುರ್ತಾ ಮತ್ತು ಕೆ. ಶ್ರೀನಿವಾಸ ರೆಡ್ಡಿಯವರ ಉಪಸಮಿತಿಯನ್ನು ನೇಮಿಸಿತ್ತು. ಅವರು 71 ಪುಟಗಳ ವರದಿಯಲ್ಲಿ ಪತ್ರಿಕೆಗಳ ಹೆಸರುಗಳನ್ನೂ ಬರೆದರು. 2010ರಲ್ಲಿ ಕೌನ್ಸಿಲ್ ಹೊರಗಿಟ್ಟುದು ಮಾತ್ರ ಹೆಸರುಗಳಿಲ್ಲದ ಕಿರುವರದಿಯನ್ನು. ಪೂರ್ಣಪಾಠವು ಜನರ ಕೈಗೆ ಬಂದದ್ದು 2011ರಲ್ಲಿ, ಕೇಂದ್ರ ಮಾಹಿತಿ ಆಯೋಗದ ಆಜ್ಞೆಯಾದ ಬಳಿಕ. ಅನ್ಯರ ಗುಟ್ಟನ್ನು ಬಯಲುಮಾಡುವುದೇ ಕಸುಬಾದವರು ಸ್ವಂತದ ಗುಟ್ಟನ್ನು ಹೀಗೆ ಕಾಪಾಡಿಕೊಂಡರು. ಅದೇ ವರ್ಷ ಚುನಾವಣಾ ಆಯೋಗವು ಉತ್ತರ ಪ್ರದೇಶದ ಶಾಸಕಿಯೊಬ್ಬರನ್ನು, ಇಂತಹ ವರ್ತಮಾನದ ಖರ್ಚನ್ನು ಲೆಕ್ಕದಲ್ಲಿ ತೋರಿಸಲಿಲ್ಲವೆಂದು ಮೂರು ವರ್ಷಗಳ ಕಾಲ ಅನರ್ಹಗೊಳಿಸಿತು. ಅಚ್ಚು ಹಾಕಿದ ಪತ್ರಿಕೆಗಳಿಗೆ ವಿಧಿಸಲು ಪ್ರೆಸ್ ಕೌನ್ಸಿಲಿನ ಕೈಯಲ್ಲಿ ಖಂಡನೆಯ ಮಾತಲ್ಲದೆ ಬೇರೆ ದಂಡವಿರಲಿಲ್ಲ.

ನಮ್ಮ ಮೇಜಿಗೂ ಇಂತಹ ಲಕೋಟೆಯೊಂದು ಬಂದಿತ್ತು. ಚುನಾವಣೆಯ ಕಾಲ, ಕಾಗದದ ಅಂಗಡಿಯ ಬಾಕಿ ಎರಡು ತಿಂಗಳಿನದು ಉಳಿದಿತ್ತು. ಬಂದ ಮಹನೀಯರು ಲೇಖನವನ್ನು ಬರೆದೇ ತಂದಿದ್ದರು. “ಜಾಹೀರಾತು ಎಂಬ ತಲೆಬರಹದೊಡನೆ, ನಮ್ಮ ದರದಂತೆ ಅಚ್ಚು ಹಾಕುವೆವು” ಎಂದೆವು. “ಆ ಒಂದು ಶಬ್ದವಿದ್ದರೆ ಯಾರು ನಂಬುತ್ತಾರೆ ಸ್ವಾಮೀ?” ಎಂದು ಲಕೋಟೆಯನ್ನು ಕಿಸೆಗೆ ಸೇರಿಸಿ ಎದ್ದರು. ಅವರು ಕೊಳ್ಳಲು ಬಂದದ್ದು ನಮ್ಮ ಪುಟವನ್ನಲ್ಲ, ವಾಚಕರ ನಂಬಿಕೆಯನ್ನು ಎಂಬುದು ಆಗ ನಮಗೆ ಸ್ಪಷ್ಟವಾಯಿತು.

ಆದರೆ ನಾವೇನೂ ಶುದ್ಧರಲ್ಲ. ಇಲ್ಲಿನ ನಮ್ಮವರ ಸಂಘಗಳ ವರದಿಗಳನ್ನು ಕಾರ್ಯದರ್ಶಿಗಳು ಬರೆದು ಕಳುಹಿಸಿದಂತೆಯೇ ಪ್ರಕಟಿಸುತ್ತ ಬಂದಿದ್ದೇವೆ. ದೀಪಾವಳಿ ಸಂಚಿಕೆಗೆ ಜಾಹೀರಾತು ಕೊಡುವವರೂ ಅವರೇ ತಾನೆ! ಹೋದ ವರ್ಷ ಒಂದು ಸಂಘದ ಮಹಾಸಭೆಯಲ್ಲಿ ಸದಸ್ಯರು ಲೆಕ್ಕಪತ್ರ ಕೇಳಿ ದೊಡ್ಡ ಗದ್ದಲವೇ ಆಯಿತು. ನಮ್ಮ ಪತ್ರಿಕೆಯಲ್ಲಿ ಸಭೆಯು ‘ಸುಸೂತ್ರವಾಗಿ ನೆರವೇರಿತು’. ಆ ಸಭೆಯಲ್ಲಿದ್ದ ವೃದ್ಧ ವಾಚಕರೊಬ್ಬರು ಕಚೇರಿಗೆ ಬಂದು, ಆ ಸಾಲಿನ ಕೆಳಗೆ ಗೆರೆಯೆಳೆದು, ಪತ್ರಿಕೆಯನ್ನು ನಮ್ಮ ಮುಂದಿಟ್ಟು ಮಾತಾಡದೆ ಹೊರಟುಹೋದರು. ಅಂದಿನಿಂದ ಅವರ ಚಂದಾ ಬಂದಿಲ್ಲ.

ಬರುವ ಒಂದನೆಯ ತಾರೀಖಿನಿಂದ ಸಂಘಗಳು ಕಳುಹಿಸಿದ ವರದಿಯ ಕೆಳಗೆ ‘ಕಾರ್ಯದರ್ಶಿಗಳಿಂದ ಬಂದುದು’ ಎಂದು ಅಚ್ಚಾಗುವುದು. ತಪ್ಪು ಯಾವ ಪುಟದಲ್ಲಿ ಬಂದಿತೋ ಅದೇ ಪುಟದಲ್ಲಿ ತಿದ್ದುಪಡಿಯೂ ಬರುವುದು. ಮೇಲೆ ಹೇಳಿದ ಮಹಾಸಭೆಯ ವರದಿಯ ತಿದ್ದುಪಡಿಯನ್ನು ವಾಚಕರು ಇಂದಿನ ಮೂರನೆಯ ಪುಟದಲ್ಲಿ ನೋಡಬಹುದು.