ಮೊಳೆ ಬೇಡದ ಹಡಗು ಕಟ್ಟುವವರು

ಕಾರವಾರದ ನೌಕಾನೆಲೆಯಲ್ಲಿ 2025ರ ಮೇ 21ರಂದು ನೌಕಾಪಡೆ ಸೇರಿದ ‘ಕೌಂಡಿನ್ಯ’ ಹಡಗಿನ ಹಲಗೆಗಳನ್ನು ಹಿಡಿದಿಟ್ಟಿರುವುದು ತೆಂಗಿನ ನಾರಿನ ಹುರಿ. ಅಜಂತಾದ ಐದನೇ ಶತಮಾನದ ಚಿತ್ರವೊಂದನ್ನು ಆಧರಿಸಿ ಕಟ್ಟಿದ ಇದರ ಹಾಯಿಯ ಮೇಲೆ ಗಂಡಭೇರುಂಡವಿದೆ. ಅದೇ ವರ್ಷದ ಡಿಸೆಂಬರ್ 29ರಂದು ಪೋರಬಂದರಿನಿಂದ ಹಾಯಿ ಬಿಚ್ಚಿ ಹೊರಟು, ಜನವರಿಯಲ್ಲಿ ಮಸ್ಕತ್ ಮುಟ್ಟಿದಾಗ ಪಯಣದ ಸುದ್ದಿ ಎಲ್ಲೆಡೆ ಬಂತು. ಆ ಹಡಗನ್ನು ಹೊಲಿದವರ ಬಗ್ಗೆ ಬರೆದವರು ಕಡಿಮೆ. ಆ ಕೆಲಸವನ್ನೇ ಕಸುಬಾಗಿ ಹಿಡಿಯಬೇಕೆನ್ನುವವರು ಏನನ್ನು ಕಲಿಯಬೇಕು?

ಹಲಗೆಗೆ ಹಬೆ ಕೊಟ್ಟು ಬಾಗಿಸುವುದರಿಂದ ಕೆಲಸ ಶುರು. ಎರಡು ಹಲಗೆಗಳ ಅಂಚು ಒಂದಕ್ಕೊಂದು ಒಪ್ಪವಾಗಿ ಕೂರುವವರೆಗೆ ಕೆತ್ತುತ್ತಲೇ ಇರಬೇಕು. ಆಮೇಲೆ ಅಂಚಿನುದ್ದಕ್ಕೂ ಎದುರುಬದುರು ತೂತು ಕೊರೆದು, ಸಂದಿನ ಮೇಲೆ ನಾರಿನ ಕಂತೆ ಇಟ್ಟು, ಒಬ್ಬ ಒಳಗೆ, ಇನ್ನೊಬ್ಬ ಹೊರಗೆ ನಿಂತು ಹುರಿಯನ್ನು ತೂರಿಸಿ ಎಳೆಯುತ್ತಾರೆ. ಬಿಗಿ ಎಲ್ಲ ಕಡೆಯೂ ಸಮನಾಗಿರಬೇಕು. ಒಂದು ಹೊಲಿಗೆ ಸಡಿಲವಾದರೆ ನೀರು ಅಲ್ಲಿಂದಲೇ ಒಳಬರುತ್ತದೆ. ಕೊನೆಗೆ ನಾರು, ರಾಳ, ಮೀನೆಣ್ಣೆ ಸೇರಿಸಿ ಸಂದು ಮುಚ್ಚುತ್ತಾರೆ. ಹೀಗೆ ಕಟ್ಟಿದ ಒಡಲು ಅಲೆಯ ಹೊಡೆತಕ್ಕೆ ತುಸು ಬಳುಕುತ್ತದೆ, ಅದೇ ಅದರ ಶಕ್ತಿ.

ಕೌಂಡಿನ್ಯವನ್ನು ಕಟ್ಟಿದ ಕೇರಳದ ಕುಶಲಕರ್ಮಿಗಳ ತಂಡದ ಮುಂದಾಳು ಬಾಬು ಶಂಕರನ್. ಅವರಿಗೂ ಹಿಂದೆ, ಲಕ್ಷದ್ವೀಪದ ಮಿನಿಕಾಯ್‌ನ ಅಲಿ ಮಾಣಿಕ್‌ಫಾನ್ ಒಮಾನಿನಲ್ಲಿ ಸಾಗರಯಾನದ ಸಾಹಸಿ ಟಿಮ್ ಸೆವೆರಿನ್ ಅವರಿಗಾಗಿ ‘ಸೋಹಾರ್’ ಎಂಬ ಹೊಲಿದ ಹಡಗು ಕಟ್ಟಿಸಿದ್ದರು. ಅದು 1981ರಲ್ಲಿ ಚೀನಾ ತಲುಪಿತು. ಅದರ ಮರ ಮಲಬಾರಿನ ಹೆಬ್ಬಲಸು, ನಮ್ಮ ಘಟ್ಟದಲ್ಲೂ ಬೆಳೆಯುವಂಥದ್ದು. ಪದವಿಯಿಲ್ಲದೆ ಸ್ವಂತವಾಗಿ ಕಲಿತ ಮಾಣಿಕ್‌ಫಾನ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಈ ವಿದ್ಯೆ ನಮಗೆ ದೂರದ್ದೇನಲ್ಲ: ಲಕ್ಷದ್ವೀಪದ ಅಮೀನಿದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು, ಅಲ್ಲಿನ ಹುರಿ ಮಂಗಳೂರಿನ ಬಂದರಿಗೇ ಬರುತ್ತಿತ್ತು.

ಹೊಲಿಗೆಯೊಂದನ್ನೇ ನಂಬಿ ಸಂಸಾರ ನಡೆಸುವುದು ಕಷ್ಟ. ಹಾಗಾಗಿ ಹೊಸಬರು ಮೊದಲು ಮರದ ಕೆಲಸದಲ್ಲಿ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು. ಕೋಳಿಕ್ಕೋಡಿನ ಪಕ್ಕದ ಬೇಪೂರಿನಲ್ಲಿ ‘ಉರು’ ಕಟ್ಟುವ ಮೇಸ್ತ್ರಿಗಳಿದ್ದಾರೆ, ಕೊಲ್ಲಿ ದೇಶಗಳ ಸಿರಿವಂತರಿಗಾಗಿ ಸಾಗುವಾನಿಯ ದೊಡ್ಡ ಹಡಗುಗಳು ಅಲ್ಲಿ ಸಿದ್ಧವಾಗುತ್ತವೆ. ಅಲ್ಲಿನ ನಕ್ಷೆ ಹೆಚ್ಚಾಗಿ ಮೇಸ್ತ್ರಿಯ ಮನಸ್ಸಿನಲ್ಲೇ ಇರುತ್ತದೆ. ಕೌಂಡಿನ್ಯಕ್ಕಾದರೋ ಹಳೆಯ ನಕ್ಷೆಯೇ ಇರಲಿಲ್ಲ. ಐಐಟಿ ಮದ್ರಾಸ್‌ನಲ್ಲಿ ಮಾದರಿಯನ್ನು ನೀರಿಗಿಳಿಸಿ ಪರೀಕ್ಷಿಸಬೇಕಾಯಿತು. ಇಂದು ಕಲಿಯುವವರಿಗೆ ಎರಡೂ ಬೇಕು: ಬಾಚಿ ಹಿಡಿಯುವ ಕೈ, ಲೆಕ್ಕ ಓದುವ ಕಣ್ಣು. ಹೊಸ ಹಡಗಿನ ಆರ್ಡರ್ ಇಲ್ಲದಾಗ ಅನ್ನ ಕೊಡುವುದು ರಿಪೇರಿ. ಮರದ ದೋಣಿಯನ್ನು ಆಗಾಗ ದಡಕ್ಕೆಳೆದು, ಕೊಳೆತ ಹಲಗೆ ಬದಲಿಸಿ, ಸಂದು ಬಿಡಿಸಿ ಮತ್ತೆ ತುಂಬಲೇಬೇಕು.

ಸರ್ಕಾರ ಒಂದು ಹಡಗು ಕಟ್ಟಿಸಿ ಸುಮ್ಮನಾದರೆ ಸಾಲದು. ಹೊಲಿಗೆ ಬಲ್ಲವರ ಕೈ ಗಟ್ಟಿಯಿರುವಾಗಲೇ ಇನ್ನೊಂದಕ್ಕೆ ದುಡ್ಡು ಕೊಟ್ಟು, ಕರಾವಳಿಯ ಹುಡುಗರನ್ನು, ಹುಡುಗಿಯರನ್ನೂ, ಸಂಬಳ ಕೊಟ್ಟು ಅವರ ಪಕ್ಕದಲ್ಲಿ ನಿಲ್ಲಿಸಬೇಕು. ಕಾರವಾರದಲ್ಲೇ ಅದನ್ನು ಶುರು ಮಾಡಬಹುದು.