ಮೊಪೆಡ್ ಕಾರ್ಬ್ಯುರೇಟರ್ ಹೊಂದಾಣಿಕೆ: ಸಣ್ಣ ವರ್ತಕರು ಗಮನಿಸಬೇಕಾದ ಅಂಶಗಳು

ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳ ಬಟ್ಟೆಗಂಟು, ಸಿರುಗುಪ್ಪದ ಗಿರಣಿಗಳ ಅಕ್ಕಿಚೀಲ, ಕುರುಗೋಡು ಸುತ್ತಲಿನ ಹಳ್ಳಿಗಳ ಹಾಲು-ತರಕಾರಿ, ಇವುಗಳನ್ನು ಅಂಗಡಿ ಬಾಗಿಲಿಗೆ ತಲುಪಿಸುವಲ್ಲಿ ಮೊಪೆಡ್‌ಗಳ ಪಾತ್ರ ಹಿರಿದು. 1980ರಲ್ಲಿ ಟಿವಿಎಸ್-50 ಬಂದಂದಿನಿಂದ ಈ ವಾಹನವು ಸಣ್ಣ ವ್ಯಾಪಾರದ ಆಧಾರವಾಗಿದೆ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಯಾದ ಬಳಿಕ ಹೊಸ ಎಕ್ಸ್‌ಎಲ್-100 ಮೊಪೆಡ್‌ಗಳಿಗೆ ಫ್ಯುಯೆಲ್ ಇಂಜೆಕ್ಷನ್ ವ್ಯವಸ್ಥೆ ಬಂದಿದೆ. ಆದರೆ ಅದಕ್ಕೂ ಹಿಂದಿನ ಕಾರ್ಬ್ಯುರೇಟರ್ ವಾಹನಗಳು ಇಂದಿಗೂ ದುಡಿಯುತ್ತಿವೆ. ಈ ಲೇಖನವು ಅವುಗಳ ಮಾಲೀಕರಿಗಾಗಿ.

ಇಂಧನ ಬದಲಾಗಿದೆ

ಗಾಳಿ ಮತ್ತು ಪೆಟ್ರೋಲನ್ನು ತಕ್ಕ ಪ್ರಮಾಣದಲ್ಲಿ ಬೆರೆಸುವುದೇ ಕಾರ್ಬ್ಯುರೇಟರಿನ ಕೆಲಸ. ಒಂದು ಭಾಗ ಪೆಟ್ರೋಲ್ ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಎಥೆನಾಲ್‌ಗೆ ಸುಮಾರು 9 ಭಾಗ ಸಾಕು. 2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥೆನಾಲ್ ಮಿಶ್ರಣ ಶೇ. 20ನ್ನು ಮುಟ್ಟಿತು. ಜೆಟ್ ಹಳೆಯದೇ ಇರುವುದರಿಂದ ಎಂಜಿನ್ನಿಗೆ ದೊರೆಯುವ ಮಿಶ್ರಣದಲ್ಲಿ ಇಂಧನದ ಅಂಶ ಕಡಿಮೆಯಾಗುತ್ತದೆ. ಹೀಗಿರುವಾಗ ಮೈಲೇಜಿನ ಆಸೆಯಿಂದ ಪೆಟ್ರೋಲನ್ನು ಮತ್ತಷ್ಟು ತಗ್ಗಿಸಿದರೆ ಎಂಜಿನ್ ಅತಿಯಾಗಿ ಕಾಯುತ್ತದೆ. ಪೆಟ್ರೋಲಿಗೇ ಆಯಿಲ್ ಬೆರೆಸುವ ಟು-ಸ್ಟ್ರೋಕ್ ಎಂಜಿನ್ನಿನಲ್ಲಿ ಆಯಿಲ್ ಸಹ ಕಡಿಮೆಯಾಗಿ ಪಿಸ್ಟನ್ ಜಾಮ್ ಆಗುವ ಅಪಾಯವಿದೆ.

ಹೊಂದಾಣಿಕೆಯ ಕ್ರಮ

1. ಮೊದಲು ಏರ್ ಫಿಲ್ಟರ್ ಸ್ವಚ್ಛಗೊಳಿಸಬೇಕು. ಧೂಳು ಕಟ್ಟಿದ ಫಿಲ್ಟರ್ ಗಾಳಿಯನ್ನು ತಡೆಯುವುದರಿಂದ ಪೆಟ್ರೋಲ್ ಹೆಚ್ಚು ವ್ಯಯವಾಗುತ್ತದೆ. ನಮ್ಮ ಭಾಗದ ಧೂಳಿನಲ್ಲಿ ಎಷ್ಟೋ ಬಾರಿ ದೋಷವಿರುವುದು ಇಲ್ಲಿಯೇ.

2. ಫ್ಲೋಟ್ ಬೌಲಿನ ಕಸ, ನೀರು ಬಸಿದು, ಜೆಟ್‌ಗಳನ್ನು ಗಾಳಿ ಊದಿ ಶುಚಿಗೊಳಿಸಬೇಕು. ತಂತಿ ತೂರಿಸಿದರೆ ರಂಧ್ರ ಹಿಗ್ಗುತ್ತದೆ.

3. ಎಂಜಿನ್ ಬಿಸಿಯಾದ ನಂತರ, ಚೋಕ್ ತೆಗೆದು, ಮಿಶ್ರಣದ ಸ್ಕ್ರೂವನ್ನು ಕಾಲು ಸುತ್ತಿನಷ್ಟೇ ಒಳಗೆ-ಹೊರಗೆ ತಿರುಗಿಸುತ್ತಾ ಎಂಜಿನ್ ಅತಿ ವೇಗವಾಗಿ, ಸಮನಾಗಿ ಓಡುವ ಸ್ಥಾನವನ್ನು ಗುರುತಿಸಬೇಕು. ಬಳಿಕ ಸ್ಲೋ ಸ್ಪೀಡ್ ಸ್ಕ್ರೂ ತಗ್ಗಿಸಬೇಕು. ಸ್ಕ್ರೂ ಏರ್ ಫಿಲ್ಟರ್ ಕಡೆಗಿದ್ದರೆ ಬಿಗಿಮಾಡಿದಷ್ಟೂ ಪೆಟ್ರೋಲಿನ ಅಂಶ ಹೆಚ್ಚುವುದು. ಎಂಜಿನ್ ಕಡೆಗಿದ್ದರೆ ಕಡಿಮೆಯಾಗುವುದು. ಕಂಪನಿಯೇ ಸೀಲ್ ಮಾಡಿದ ಸ್ಕ್ರೂವನ್ನು ಮುಟ್ಟಬಾರದು.

4. ಹೊರೆಯೊಂದಿಗೆ ಕೆಲವು ಕಿಲೋಮೀಟರ್ ಓಡಿಸಿ, ಎಂಜಿನ್ ಆರಿದ ಮೇಲೆ ಪ್ಲಗ್ ಪರೀಕ್ಷಿಸಬೇಕು. ತಿಳಿಗಂದು ಬಣ್ಣವಿದ್ದರೆ ಮಿಶ್ರಣ ಸರಿಯಾಗಿದೆ. ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಬಿಳಿಚಿಕೊಂಡಿದ್ದರೆ ಕಡಿಮೆ.

5. ಬಿಳಿಚಿದ್ದಲ್ಲಿ, ಸೂಜಿಯ ಕ್ಲಿಪ್ ಬದಲಿಸಲು ಅವಕಾಶವಿರುವ ಕಾರ್ಬ್ಯುರೇಟರಿನಲ್ಲಿ ಅದನ್ನು ಒಂದು ಗೀರು ಕೆಳಕ್ಕಿಳಿಸಿದರೆ ಸೂಜಿ ಮೇಲೇರಿ ಪೆಟ್ರೋಲ್ ಹೆಚ್ಚುತ್ತದೆ.

ಎಥೆನಾಲ್ ತೇವವನ್ನು ಹೀರುತ್ತದೆ. ಹಳೆಯ ರಬ್ಬರ್ ಪೈಪು, ವಾಷರ್‌ಗಳನ್ನು ಕೆಡಿಸಲೂಬಹುದು. ಆದ್ದರಿಂದ ವಾರಗಟ್ಟಲೆ ನಿಲ್ಲಿಸುವ ವಾಹನದ ಫ್ಲೋಟ್ ಬೌಲ್ ಬರಿದು ಮಾಡುವುದೂ, ರಬ್ಬರ್ ಭಾಗಗಳನ್ನು ಆಗಾಗ್ಗೆ ಪರೀಕ್ಷಿಸುವುದೂ ಉಚಿತ.

ದಿನಕ್ಕೆ 1 ಲೀಟರ್ ಬಳಸುವ ವಾಹನದಲ್ಲಿ ಹತ್ತನೆಯ ಒಂದು ಭಾಗ ವ್ಯರ್ಥವಾದರೂ ತಿಂಗಳಿಗೆ 3 ಲೀಟರ್ ನಷ್ಟ. ಆದರೆ ಆ 3 ಲೀಟರ್ ಉಳಿಸಲು ಹೋಗಿ ಪಿಸ್ಟನ್ ಸುಟ್ಟುಕೊಂಡರೆ ರಿಪೇರಿಯ ಖರ್ಚಿನ ಜೊತೆಗೆ ಹಲವು ದಿನಗಳ ವ್ಯಾಪಾರವೂ ನಿಲ್ಲುತ್ತದೆ. ಮೆಕ್ಯಾನಿಕ್ ಬಳಿ ‘ಮೈಲೇಜ್ ಹೆಚ್ಚಿಸಿ’ ಎನ್ನುವ ಬದಲು ‘ಪ್ಲಗ್ ಬಣ್ಣ ನೋಡಿ ಸರಿಪಡಿಸಿ’ ಎಂದು ಕೇಳುವುದೇ ಲಾಭದಾಯಕ.