ಗಾಡಿ ತಗ್ಗಿಸುವ ಮುಂಚೆ ಪಟ್ಟಿ ಎಣಿಸಿ



ನಮ್ಮ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಈಗ ಎತ್ತಿನ ಗಾಡಿ ಕಡಿಮೆ ಆಗಿದೆ. ಅದರ ಜಾಗಕ್ಕೆ ಪಿಕಪ್ ಬಂದಿದೆ. ಕಡಲೆಕಾಯಿ ಮೂಟೆ, ಹುಣಸೆಹಣ್ಣು, ಹೂವು, ಕುರಿ, ನೀರಿನ ಡ್ರಮ್ಮು, ಮದುವೆ ಮನೆಯ ಪಾತ್ರೆ, ಎಲ್ಲವೂ ಅದರಲ್ಲೇ ಹೋಗುತ್ತವೆ. ಗಾಡಿ ಓಡಿಸುವವರು ಗಂಡಸರು. ಆದರೆ ಎಷ್ಟೋ ಮನೆಗಳಲ್ಲಿ ಅದರ ಸಾಲದ ಕಾಗದಕ್ಕೆ ಸಹಿ ಹಾಕಿದವರು ಹೆಂಗಸರು. ಸಂಘದಲ್ಲಿ ಸಾಲ ಎತ್ತಿ ಮುಂಗಡ ಕಟ್ಟಿದವರೂ ಅವರೇ.

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಒಂದು ಸಂಜೆ ಸ್ಲೇಟು ಕೆಳಗಿಟ್ಟು ಕೇಳಿದರು.

"ಟೀಚರಮ್ಮ, ನಮ್ಮ ಹುಡುಗ ಪಿಕಪ್ ಇಳಿಸ್ತೀನಿ ಅಂತ ಹಟ ಹಿಡಿದವ್ನೆ."

"ಇಳಿಸೋದು ಅಂದ್ರೆ ಏನಕ್ಕ?"

"ಗಾಡಿ ತಗ್ಗಿಗೆ ಮಾಡಿಸ್ತಾನಂತೆ. ನೋಡೋಕೆ ಚೆನ್ನಾಗಿರ್ತದಂತೆ. ಕಡಿಮೆ ದುಡ್ಡಲ್ಲಿ ಆಗ್ತದಂತೆ. ನಂಗೂ ಒಂದು ಲೆಕ್ಕದಲ್ಲಿ ಒಳ್ಳೇದು ಅನ್ನಿಸ್ತು. ಈಗ ಮೂಟೆ ಎತ್ತಿ ಹಾಕಬೇಕಾದ್ರೆ ಎದೆ ಮಟ್ಟ ಬತ್ತದೆ. ಸೊಂಟ ಹೋಯ್ತು."

ನಮಗೂ ಗೊತ್ತಿರಲಿಲ್ಲ. ಸಿರಾದಲ್ಲಿ ಲಾರಿಗಳಿಗೆ ಪಟ್ಟಿ ಕಟ್ಟುವ ಒಬ್ಬ ಹಳೆಯ ಮೇಸ್ತ್ರಿ ಇದ್ದಾರೆ. ಆ ಅಕ್ಕನನ್ನೂ ಮಗನನ್ನೂ ಕರೆದುಕೊಂಡು ಅವರ ಹತ್ತಿರ ಹೋದೆವು. ಅಲ್ಲಿ ಕಣ್ಣಾರೆ ಕಂಡದ್ದು, ಆಮೇಲೆ ಓದಿ ತಿಳಿದದ್ದು ಎರಡನ್ನೂ ಸೇರಿಸಿ ಇಲ್ಲಿ ಬರೆದಿದ್ದೇವೆ.

ಗಾಡಿ ಯಾವುದರ ಮೇಲೆ ಕೂತಿದೆ?

ಎತ್ತಿನ ಗಾಡಿಯಲ್ಲಿ ಕೂತು ತವರಿಗೆ ಹೋದದ್ದು ನಿಮಗೆ ನೆನಪಿರಬಹುದು. ಗಾಲಿ ಕಲ್ಲು ಹತ್ತಿದರೆ ನಮ್ಮ ಬೆನ್ನಿಗೆ ಏಟು. ಅಚ್ಚಿನ ಮೇಲೆ ನೇರವಾಗಿ ಗಾಡಿ ಕೂತಿತ್ತು. ನಡುವೆ ಮೆತ್ತನೆಯದು ಏನೂ ಇರಲಿಲ್ಲ. ಜಟಕಾ ಗಾಡಿ ಹಾಗಲ್ಲ. ಅದರ ಅಚ್ಚಿನ ಮೇಲೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿ ಇತ್ತು. ಅದನ್ನೇ ಕಮಾನು ಎನ್ನುತ್ತಿದ್ದರು. ಹಳ್ಳ ಬಂದರೆ ಕಮಾನು ಬಾಗುತ್ತಿತ್ತು. ಮೇಲೆ ಕೂತವರಿಗೆ ಏಟು ಕಡಿಮೆ.

ಪಿಕಪ್ಪಿನ ಹಿಂದೆ ಬಗ್ಗಿ ನೋಡಿ. ಅಲ್ಲಿಯೂ ಅದೇ ಕಮಾನು ಪಟ್ಟಿ ಇದೆ. ಒಂದೇ ಪಟ್ಟಿ ಅಲ್ಲ, ಹಲವು ಪಟ್ಟಿಗಳ ಕಟ್ಟು. ಮೇಲಿನದು ಎಲ್ಲಕ್ಕಿಂತ ಉದ್ದ. ಅದರ ಎರಡು ತುದಿಯಲ್ಲಿ ಸುತ್ತಿದ ಕಣ್ಣು ಇರುತ್ತದೆ. ಆ ಕಣ್ಣಿನಿಂದಲೇ ಪಟ್ಟಿ ಗಾಡಿಗೆ ಸೇರುತ್ತದೆ. ಅದರ ಕೆಳಗಿನದು ಸ್ವಲ್ಪ ಗಿಡ್ಡ. ಅದರ ಕೆಳಗಿನದು ಇನ್ನೂ ಗಿಡ್ಡ. ನಡುವೆ ಒಂದು ಬೋಲ್ಟು ಎಲ್ಲವನ್ನೂ ಪೋಣಿಸಿದೆ. ಯು ಆಕಾರದ ಎರಡು ದೊಡ್ಡ ಬೋಲ್ಟುಗಳು ಇಡೀ ಕಟ್ಟನ್ನು ಆಕ್ಸಲ್ಲಿಗೆ ಬಿಗಿದಿವೆ. ಆಕ್ಸಲ್ ಅಂದರೆ ನಮ್ಮ ಗಾಡಿಯ ಅಚ್ಚು.

ಖಾಲಿ ಇದ್ದಾಗ ಪಟ್ಟಿ ಬಾಗಿರುತ್ತದೆ. ಅದಕ್ಕೇ ಖಾಲಿ ಪಿಕಪ್ಪಿನ ಹಿಂಭಾಗ ಎತ್ತರ. ಮುಂಭಾಗ ತಗ್ಗು. ಅದು ತಪ್ಪಲ್ಲ. ಹೊರೆ ತುಂಬಿದ ಮೇಲೆ ಪಟ್ಟಿ ನೆಟ್ಟಗಾಗುತ್ತದೆ, ಗಾಡಿ ಸಮಕ್ಕೆ ಬರುತ್ತದೆ. ಕಂಪನಿಯವರು ಬೇಕೆಂದೇ ಹಾಗೆ ಮಾಡಿದ್ದಾರೆ. ನಮ್ಮ ಹುಡುಗರಿಗೆ ಅದು ಕುಂಡಿ ಎತ್ತಿದ ಹಾಗೆ ಕಾಣುತ್ತದೆ. ಏನು ಮಾಡುವುದು!

ಆಕ್ಸಲ್ಲಿಗೂ ಮೇಲಿನ ಚಾಸಿಗೂ ನಡುವೆ ಸ್ವಲ್ಪ ಜಾಗ ಇರುತ್ತದೆ. ಆ ಜಾಗದಲ್ಲಿ ಒಂದು ರಬ್ಬರ್ ಗುಂಡು ನೇತಾಡುತ್ತದೆ. ಗಾಡಿ ಹಳ್ಳಕ್ಕೆ ಬಿದ್ದಾಗ ಆಕ್ಸಲ್ ಮೇಲಕ್ಕೆ ಬರಲು ಆ ಜಾಗ ಬೇಕು. ಅಲ್ಲಿ ಐದು ಬೆರಳು ಅಗಲ ಇದೆ ಎಂದುಕೊಳ್ಳಿ. ಗಾಡಿಯನ್ನು ಮೂರು ಬೆರಳು ತಗ್ಗಿಸಿದರೆ ಉಳಿಯುವುದು ಎರಡು ಬೆರಳು. ಹೊರೆ ಹಾಕಿದರೆ ಅದೂ ಇಲ್ಲ. ಆಗ ಪ್ರತಿ ಹಂಪಿಗೂ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ನಮ್ಮ ಊರುಗಳ ಮುಂದೆ ಎಷ್ಟು ಹಂಪು ಇವೆ ಎಂದು ನಿಮಗೇ ಗೊತ್ತು.

ಕಡಿಮೆ ದುಡ್ಡಿನ ದಾರಿಗಳು

ಆ ಹುಡುಗನಿಗೆ ಅವನ ಗೆಳೆಯರು ಹೇಳಿದ ಮೊದಲ ದಾರಿ, ಒಂದೆರಡು ಪಟ್ಟಿ ತೆಗೆಯುವುದು. ಖರ್ಚು ಬಿಚ್ಚುವ ಕೂಲಿ ಮಾತ್ರ. ಗಾಡಿ ತಗ್ಗುವುದೂ ನಿಜ. ಆದರೆ ಪೊರಕೆಯ ಕಡ್ಡಿಗಳನ್ನು ನೆನೆಸಿಕೊಳ್ಳಿ. ಕಟ್ಟಿನಲ್ಲಿ ಇದ್ದಾಗ ಮುರಿಯುವುದು ಕಷ್ಟ. ಒಂದೊಂದೇ ಕಡ್ಡಿ ಕಿತ್ತರೆ ಉಳಿದವುಗಳ ಮೇಲೆ ಭಾರ ಬೀಳುತ್ತದೆ. ಐದು ಪಟ್ಟಿ ಹೊರುತ್ತಿದ್ದ ಹೊರೆಯನ್ನು ಮೂರು ಪಟ್ಟಿ ಹೊರಬೇಕು. ಇಂದು ಮುರಿಯುವುದಿಲ್ಲ, ನಾಳೆ ಮುರಿಯುವುದಿಲ್ಲ. ಸುಗ್ಗಿಯಲ್ಲಿ, ಹೊರೆ ಹೆಚ್ಚಿದ ದಿನ ಮುರಿಯುತ್ತದೆ. ಕಣ್ಣಿರುವ ಮೇಲಿನ ಪಟ್ಟಿಯೇ ಮುರಿದರೆ ಆ ಕಡೆಯ ಚಕ್ರ ಹಿಂದಕ್ಕೆ ಸರಿಯುತ್ತದೆ. ಗಾಡಿ ತಾನೇ ಒಂದು ಕಡೆಗೆ ಎಳೆಯುತ್ತದೆ. ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಮಾತು ಕೇಳುವುದಿಲ್ಲ.

ಇದನ್ನು ನಾವು ಕಂಡಿದ್ದೇವೆ. ಮಧುಗಿರಿ ಕಡೆಯ ರಸ್ತೆಯಲ್ಲಿ ಒಂದು ಪಿಕಪ್ಪು ಕಡಲೆಕಾಯಿ ಮೂಟೆ ತುಂಬಿಕೊಂಡು ಬರುತ್ತಿತ್ತು. ಮೂಟೆಯ ಮೇಲೆ ಕೂಲಿಗೆ ಹೋದ ನಮ್ಮೂರಿನ ನಾಲ್ಕು ಹೆಂಗಸರು ಕೂತಿದ್ದರು. ಪಟ್ಟಿ ಮುರಿದು ಗಾಡಿ ಚರಂಡಿಗೆ ವಾಲಿತು. ಇಬ್ಬರಿಗೆ ಕೈ ಮುರಿಯಿತು. ಒಬ್ಬರು ಈಗಲೂ ಆ ಕೈಯಲ್ಲಿ ಕೊಡ ಎತ್ತುವುದಿಲ್ಲ. ಆ ಗಾಡಿಯಿಂದ ಎರಡು ಪಟ್ಟಿ ತೆಗೆಸಿದ್ದು ಆಮೇಲೆ ಗೊತ್ತಾಯಿತು.

ಎರಡನೆಯ ದಾರಿ, ಪಟ್ಟಿಗೆ ಗ್ಯಾಸ್ ಬೆಂಕಿ ಕೊಟ್ಟು ನೆಟ್ಟಗೆ ಮಾಡುವುದು. ಇದು ಎಲ್ಲಕ್ಕಿಂತ ಕೆಟ್ಟದ್ದು. ಏಕೆ ಎಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ಕುಡುಗೋಲು ಒಲೆಗೆ ಬಿದ್ದರೆ ಏನಾಗುತ್ತದೆ? ಹದ ಹೋಗುತ್ತದೆ. ಆಮೇಲೆ ಅದು ಹುಲ್ಲನ್ನೂ ಕುಯ್ಯುವುದಿಲ್ಲ. ಕಮಾನು ಪಟ್ಟಿಯ ಉಕ್ಕಿಗೂ ಕಾರ್ಖಾನೆಯಲ್ಲಿ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿ ಹದ ಕೊಟ್ಟಿರುತ್ತಾರೆ. ಆ ಹದದಿಂದಲೇ ಅದು ಬಾಗಿ ಮತ್ತೆ ಮೊದಲಿನ ಹಾಗೆ ಆಗುವುದು. ಬೇಕಾಬಿಟ್ಟಿ ಬೆಂಕಿ ಕೊಟ್ಟ ಜಾಗದಲ್ಲಿ ಆ ಗುಣ ಹೋಗಿಬಿಡುತ್ತದೆ. ಅಲ್ಲಿಗೆ ಪಟ್ಟಿ ಒಂದೋ ಕುಸಿಯುತ್ತದೆ, ಒಂದೋ ಬಿರುಕು ಬಿಡುತ್ತದೆ. ಅಂದ ಹಾಗೆ, ನಿಮ್ಮ ಮನೆಯ ಮಚ್ಚು ಕೂಡ ಹಿಂದೊಮ್ಮೆ ಯಾವುದೋ ಲಾರಿಯ ಕಮಾನು ಪಟ್ಟಿ ಆಗಿದ್ದಿರಬಹುದು. ನಮ್ಮ ಕಮ್ಮಾರರು ಹಳೆಯ ಪಟ್ಟಿಯನ್ನೇ ಹುಡುಕಿ ತರುತ್ತಾರೆ. ಅವರು ಬೆಂಕಿಗೆ ಹಾಕಿದ ಮೇಲೆ ಮತ್ತೆ ಹದ ಕೊಡುತ್ತಾರೆ. ಗ್ಯಾಸ್ ಹಿಡಿದವನು ಕೊಡುವುದಿಲ್ಲ.

ಮೂರನೆಯದು ಆಕ್ಸಲ್ಲಿಗೂ ಪಟ್ಟಿಗೂ ನಡುವೆ ತುಂಡು ಇಡುವುದು, ಇಲ್ಲವೇ ಪಟ್ಟಿಯ ಕೆಳಗಿದ್ದ ಆಕ್ಸಲನ್ನು ಪಟ್ಟಿಯ ಮೇಲಕ್ಕೆ ತರುವುದು. ಅಮೆರಿಕದಲ್ಲಿ ಇದಕ್ಕೆಂದೇ ತಯಾರಿಸಿದ ಸಾಮಾನು ಸಿಗುತ್ತದೆ. ಗಾಡಿ ತಗ್ಗಿಸುವುದು ಅಲ್ಲಿ ಹಳೆಯ ಗೀಳು. ಎರಡನೆಯ ಮಹಾಯುದ್ಧದ ನಂತರ ಲಾಸ್ ಏಂಜಲೀಸ್ ಊರಿನಲ್ಲಿ ಮೆಕ್ಸಿಕೋ ಮೂಲದ ಹುಡುಗರು ಕಾರಿನ ಹಿಂದೆ ಮರಳಿನ ಚೀಲ ಹಾಕಿ ತಗ್ಗಿಸುತ್ತಿದ್ದರಂತೆ! ಆದರೆ ಅವರದು ಬೀದಿಯಲ್ಲಿ ಮೆಲ್ಲಗೆ ಮೆರೆಯುವ ಕಾರು. ನಮ್ಮದು ದುಡಿಯುವ ಗಾಡಿ. ಇಲ್ಲಿ ವೆಲ್ಡಿಂಗ್ ಮಾಡಿದ ತುಂಡು ಇಡುತ್ತಾರೆ. ವೆಲ್ಡಿಂಗ್ ಬಿಟ್ಟರೆ ಆಕ್ಸಲ್ಲೇ ಸಡಿಲ.

ಬ್ರೇಕಿನ ಮಾತು

ಮೇಸ್ತ್ರಿ ಹೇಳಿದ ಒಂದು ವಿಷಯ ನಮಗೆ ಹೊಸದು. ಕೆಲವು ಪಿಕಪ್ಪುಗಳಲ್ಲಿ ಚಾಸಿಗೂ ಹಿಂದಿನ ಆಕ್ಸಲ್ಲಿಗೂ ನಡುವೆ ಒಂದು ಸಣ್ಣ ಸರಳು ಇರುತ್ತದೆ. ಅದು ಬ್ರೇಕಿನ ಒಂದು ವಾಲ್ವಿಗೆ ಸೇರಿದೆ. ಗಾಡಿ ತಗ್ಗಿದರೆ "ಹೊರೆ ಇದೆ" ಎಂದು ತಿಳಿದು ಹಿಂದಿನ ಚಕ್ರಕ್ಕೆ ಹೆಚ್ಚು ಬ್ರೇಕ್ ಕೊಡುತ್ತದೆ. ಗಾಡಿ ಎತ್ತರ ಇದ್ದರೆ "ಖಾಲಿ ಇದೆ" ಎಂದು ಕಡಿಮೆ ಕೊಡುತ್ತದೆ. ಖಾಲಿ ಗಾಡಿಯನ್ನೇ ತಗ್ಗಿಸಿಬಿಟ್ಟರೆ? ಆ ವಾಲ್ವು ಮೋಸ ಹೋಗುತ್ತದೆ. ಖಾಲಿ ಗಾಡಿಗೂ ಹಿಂದೆ ಹೆಚ್ಚು ಬ್ರೇಕ್ ಬೀಳುತ್ತದೆ. ಮಳೆಯಲ್ಲಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಕಚ್ಚಿಕೊಂಡು ಗಾಡಿ ಅಡ್ಡ ತಿರುಗುತ್ತದೆ. ಇದನ್ನು ಕೇಳಿದ ಮೇಲೆ ಆ ಹುಡುಗ ಸ್ವಲ್ಪ ಸುಮ್ಮನಾದ.

ಹಿಂದೆ ಮಾತ್ರ ತಗ್ಗಿಸಿದರೆ ಇನ್ನೊಂದು ತೊಂದರೆ. ಮುಂದಿನ ದೀಪ ಮೇಲಕ್ಕೆ ನೋಡುತ್ತದೆ. ಎದುರು ಬರುವ ಬೈಕಿನವರಿಗೆ ಕಣ್ಣು ಕುಕ್ಕುತ್ತದೆ.

ಕಾಯಿದೆ ಏನು ಹೇಳುತ್ತದೆ?

ಕಂಪನಿ ಮಾಡಿದ ಗಾಡಿಯನ್ನು ನಮಗೆ ತೋಚಿದಂತೆ ಬದಲಾಯಿಸುವ ಹಾಗಿಲ್ಲ. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯಿದೆಯಲ್ಲಿ ಇದಕ್ಕೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಇದೆ. ಶಿಕ್ಷೆ ಗಾಡಿಯ ಮಾಲೀಕರಿಗೆ. ಮಾಲೀಕರು ಯಾರು? ಕಾರ್ಡಿನಲ್ಲಿ ಹೆಸರು ಇರುವವರು. ಆ ಅಕ್ಕನ ಗಾಡಿಯಲ್ಲಿ ಇದ್ದದ್ದು ಅಕ್ಕನದೇ ಹೆಸರು. "ಅಯ್ಯೋ, ನಂಗಾ?" ಅಂದರು.

ಹೊರೆ ಹೆಚ್ಚಾದರೆ ಅದೇ ಕಾಯಿದೆಯಲ್ಲಿ ದಂಡ 20,000 ರೂಪಾಯಿ. ಜೊತೆಗೆ ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿ.

ಕಾರ್ಡು ಓದೋಣ

ಆರ್.ಸಿ. ಕಾರ್ಡನ್ನು ಕೈಗೆ ತೆಗೆದುಕೊಳ್ಳಿ. ಮೊದಲು ಗಾಡಿಯ ನಂಬರು. ಕೆ.ಎ. 64 ಇದ್ದರೆ ಮಧುಗಿರಿ, ಕೆ.ಎ. 06 ಇದ್ದರೆ ತುಮಕೂರು. ಆಮೇಲೆ ಎರಡು ತೂಕ ಹುಡುಕಿ. ಒಂದು ಖಾಲಿ ಗಾಡಿಯ ತೂಕ. ಇನ್ನೊಂದು ತುಂಬಿದ ಗಾಡಿಯ ತೂಕ. ಕಾರ್ಡಿನಲ್ಲಿ ಇಂಗ್ಲಿಷ್ ಇರುತ್ತದೆ. ಚಿಂತೆ ಬೇಡ. ಜಾಗ ಯಾವುದು ಎಂದು ಶಾಲೆಗೆ ಹೋಗುವ ಮಗುವನ್ನು ಕೇಳಿ. ಅಂಕಿ ಓದಲು ನಿಮಗೆ ಬರುತ್ತದೆ.

ಒಂದು ಲೆಕ್ಕ ಮಾಡೋಣ. ತುಂಬಿದ ತೂಕ 1550 ಕಿಲೋ, ಖಾಲಿ ತೂಕ 850 ಕಿಲೋ ಎಂದುಕೊಳ್ಳಿ. 1550ರಲ್ಲಿ 850 ಕಳೆದರೆ 700. ಡ್ರೈವರ್ ಮತ್ತು ಜೊತೆಗೆ ಒಬ್ಬರು, ಇಬ್ಬರಿಗೆ 120 ಕಿಲೋ. ಉಳಿಯುವುದು 580. ಅಂದರೆ 50 ಕಿಲೋ ತೂಗುವ ಮೂಟೆ 11 ಹಾಕಬಹುದು. ಹನ್ನೆರಡನೆಯದು ಹೆಚ್ಚು. ನಿಮ್ಮ ಕಾರ್ಡಿನಲ್ಲಿ ಬೇರೆ ಅಂಕಿ ಇರುತ್ತದೆ. ಅದನ್ನೇ ಇಟ್ಟು ಲೆಕ್ಕ ಮಾಡಿ.

ಮನುಷ್ಯರಿಗೂ ತೂಕ ಇದೆ ಎನ್ನುವುದನ್ನು ಜನ ಮರೆಯುತ್ತಾರೆ. ಹನ್ನೆರಡು ಜನ ಹತ್ತಿದರೆ ಸಣ್ಣ ಪಿಕಪ್ಪಿಗೆ ಅಷ್ಟೇ ಪೂರ್ತಿ ಹೊರೆ. ಮೂಟೆ ಕೆಳಗೆ ಮಲಗಿರುತ್ತದೆ, ಜನ ಮೇಲೆ ನಿಂತಿರುತ್ತಾರೆ. ತಿರುವಿನಲ್ಲಿ ಗಾಡಿ ಬೇಗ ವಾಲುತ್ತದೆ. 2022ರ ಆಗಸ್ಟ್ 25ರ ಬೆಳಗಿನ ಜಾವ ಸಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಬಳಿ ಒಂದು ಜೀಪು ಲಾರಿಗೆ ಬಡಿದು 9 ಜನ ತೀರಿಕೊಂಡರು. ರಾಯಚೂರು ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟವರು. ಆ ಒಂದು ಜೀಪಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಇದ್ದರು. ಪಟ್ಟಿಯ ಮಾತು ಅಲ್ಲಿಗೆ ಸೇರಿದ್ದಲ್ಲ. ಆದರೂ ಪಿಕಪ್ಪು ಹತ್ತುವಾಗ ನಮಗೆ ಅದು ನೆನಪಾಗುತ್ತದೆ.

ಹಾಗಾದರೆ ಸೊಂಟದ ಗತಿ?

ಆ ಅಕ್ಕನ ಕಷ್ಟ ಸುಳ್ಳಲ್ಲ. ಎದೆ ಮಟ್ಟಕ್ಕೆ ಮೂಟೆ ಎತ್ತುವುದು ಸುಲಭವೇ? ಮೇಸ್ತ್ರಿ ಗಾಡಿಯ ಹಿಂದೆ ಕೂತು ಪಟ್ಟಿ ಎಣಿಸಿದರು. ಎಡಕ್ಕೆ ಏಳು, ಬಲಕ್ಕೆ ಏಳು.

"ಇದು ಸೆಕೆಂಡ್ ಹ್ಯಾಂಡ್ ಗಾಡಿ ಅಲ್ವೇನಮ್ಮ?" ಎಂದು ಕೇಳಿದರು.

"ಹೌದಣ್ಣ. ಕೊರಟಗೆರೆ ಕಡೆಯವರ ಹತ್ರ ತಗೊಂಡಿದ್ದು."

"ಕಂಪನಿಯಿಂದ ಬರೋದು ಐದು. ಹೆಚ್ಚಿಗೆ ಹೊರೆ ಹಾಕಬೇಕು ಅಂತ ಮುಂಚಿನವರು ಎರಡು ಪಟ್ಟಿ ಸೇರಿಸವ್ರೆ. ಅದಕ್ಕೇ ಇಷ್ಟು ಎತ್ತರ, ಇಷ್ಟು ಕುಲುಕು."

ಹೀಗೆ ಪಟ್ಟಿ ಸೇರಿಸಿದ ಹಳೆಯ ಗಾಡಿಗಳು ನಮ್ಮ ಕಡೆ ಬೇಕಾದಷ್ಟು ಇವೆ. ಪಟ್ಟಿ ಸೇರಿಸಿದರೆ ಪಟ್ಟಿ ಗಟ್ಟಿಯಾಗಬಹುದು. ಆಕ್ಸಲ್, ಟೈರು, ಬ್ರೇಕು, ಚಾಸಿ ಗಟ್ಟಿಯಾಗುವುದಿಲ್ಲ. ಹೊರೆ ಮಾತ್ರ ಹೆಚ್ಚುತ್ತದೆ. ಆ ಹೆಚ್ಚಿನ ಎರಡೆರಡು ಪಟ್ಟಿ ಬಿಚ್ಚಿಸಿ, ಗಾಡಿಯನ್ನು ಕಂಪನಿ ಲೆಕ್ಕಕ್ಕೆ ತರುವುದೇ ಕಡಿಮೆ ದುಡ್ಡಿನಲ್ಲಿ ಗಾಡಿ ತಗ್ಗಿಸುವ ಸರಿಯಾದ ದಾರಿ. ಮೇಸ್ತ್ರಿ ಹಾಗೇ ಮಾಡಿದರು. ಸವೆದ ಬುಷ್ಷು ಬದಲಿಸಿದರು. ಯು ಬೋಲ್ಟು ಹೊಸದು ಹಾಕಿ ಬಿಗಿದರು. ಗಾಡಿ ಮೂರು ಬೆರಳು ತಗ್ಗಿತು. ಮಗನಿಗೆ ಇನ್ನೂ ತಗ್ಗಬೇಕಿತ್ತು. ಅಕ್ಕ ಒಪ್ಪಲಿಲ್ಲ.

ಉಳಿದ ಎತ್ತರಕ್ಕೆ ಅವರು ಬೇರೆ ಉಪಾಯ ಮಾಡಿಕೊಂಡರು. ಹೊಲದಲ್ಲಿ ಬದು ಎತ್ತರ ಇರುವ ಕಡೆ ಗಾಡಿಯ ಹಿಂಭಾಗ ತಾಗಿಸಿ ನಿಲ್ಲಿಸುತ್ತಾರೆ. ಬದು ಇಲ್ಲದ ಕಡೆ ಒಂದು ದಪ್ಪ ಹಲಗೆ ಇಳಿಜಾರಾಗಿ ಇಟ್ಟು ಮೂಟೆಯನ್ನು ಇಬ್ಬರು ತಳ್ಳುತ್ತಾರೆ. ಭಾರದ ಮೂಟೆ ಮೊದಲು, ಕೆಳಗೆ, ಡ್ರೈವರ್ ಕ್ಯಾಬಿನ್ನಿನ ಕಡೆಗೆ. ಹಗುರದ್ದು ಮೇಲೆ. ನೀರಿನ ಡ್ರಮ್ಮು ಅರ್ಧ ತುಂಬಿ ಒಯ್ಯುವುದಿಲ್ಲ. ಅರ್ಧ ನೀರು ತಿರುವಿನಲ್ಲಿ ಒಂದೇ ಕಡೆಗೆ ನುಗ್ಗಿ ಗಾಡಿಯನ್ನು ಎಳೆಯುತ್ತದೆ.

ತೆಗೆದ ನಾಲ್ಕು ಪಟ್ಟಿಯನ್ನು ಅಕ್ಕ ಅಲ್ಲಿ ಬಿಟ್ಟು ಬರಲಿಲ್ಲ. ಗೋಣಿಚೀಲದಲ್ಲಿ ಸುತ್ತಿ ತಂದು ಕಮ್ಮಾರರಿಗೆ ಕೊಟ್ಟರು. ಎರಡು ಮಚ್ಚು ಆಯಿತು. ಈಗ ತಿಂಗಳಿಗೊಮ್ಮೆ ಅವರು ಗಾಡಿಯ ಹಿಂದೆ ಕುಕ್ಕುರುಗಾಲಲ್ಲಿ ಕೂತು ಪಟ್ಟಿ ಎಣಿಸುತ್ತಾರೆ. ಬಿರುಕು ಇದೆಯೇ ಎಂದು ಬೆರಳಾಡಿಸಿ ನೋಡುತ್ತಾರೆ. ನೋಡಿದ ತಾರೀಖನ್ನು ಕೊಟ್ಟಿಗೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ತಾವೇ ಬರೆಯುತ್ತಾರೆ. ಪಕ್ಕದಲ್ಲಿ "5" ಎಂದು ಬರೆದು ಸುತ್ತ ಒಂದು ಗೆರೆ ಎಳೆಯುತ್ತಾರೆ.